ಬಂಡೆಹಾದಿಗೆ ಇಳಿಯುವ ಮುನ್ನ ಜೀಪಿನ ಬಾಗಿಲು ಬಿಚ್ಚುವ ಕ್ರಮ

ಚಿಂತಾಮಣಿಯಿಂದ ಗುಡಿಬಂಡೆಯವರೆಗಿನ ಕಲ್ಲುನೆಲದಲ್ಲಿ ಒಮ್ಮೆಯಾದರೂ ಜೀಪು ಇಳಿಸಿದವರಿಗೆ ಬಾಗಿಲು ಬಿಚ್ಚುವ ಆಸೆ ಏಕೆ ಹುಟ್ಟುತ್ತದೆ ಎಂದು ವಿವರಿಸಬೇಕಾಗಿಲ್ಲ. ಬೋಳುಬಂಡೆಯ ಅಂಚಿನಲ್ಲಿ ಮುಂದಿನ ಚಕ್ರವನ್ನು ಅಂಗೈಯಗಲದ ಜಾಗದಲ್ಲಿ ಇಡಬೇಕಾಗಿ ಬಂದಾಗ, ಕಿಟಕಿಯಿಂದ ಕತ್ತು ಚಾಚಿ ಊಹೆಯ ಮೇಲೆ ಓಡಿಸುವುದಕ್ಕಿಂತ, ಕುಳಿತಲ್ಲಿಂದಲೇ ತಲೆ ತಗ್ಗಿಸಿ ಟೈರು ಎಲ್ಲಿದೆ ಎಂದು ಕಣ್ಣಾರೆ ನೋಡಿ ಓಡಿಸುವುದು ಹೆಚ್ಚು ಸುರಕ್ಷಿತ. ಗಾಡಿ ಒಂದು ಕಡೆಗೆ ವಾಲಿ ನಿಂತರೆ ಇಳಿಯುವುದೂ ಸುಲಭವಾಗುತ್ತದೆ. ಇವೆರಡನ್ನು ಬಿಟ್ಟರೆ ಉಳಿದ ಕಾರಣಗಳೆಲ್ಲ ಫೋಟೋಗಾಗಿ ಎಂಬುದು ನನ್ನ ಅಭಿಪ್ರಾಯ; ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಫೋಟೋಗಾಗಿ ಬಿಚ್ಚಿದ ಬಾಗಿಲೂ ಕಾಲಿನ ಮೇಲೆ ಬಿದ್ದರೆ ಅಷ್ಟೇ ನೋವಾಗುತ್ತದೆ.

ನಾನು ಮೊದಲ ಸಲ ಎರಡು ಬಾಗಿಲು ಬಿಚ್ಚಲು ಒಂದೂವರೆ ಗಂಟೆ ತೆಗೆದುಕೊಂಡೆ, ಅದರ ಜೊತೆಗೆ ಬಾಗಿಲಿನ ವೈರುಗಳನ್ನು ಜೋಡಿಸುವ ಒಂದು ಕಪ್ಲರನ್ನೂ ಕಿತ್ತುಹಾಕಿದೆ. ಈಗ ಅದೇ ಕೆಲಸ ಒಬ್ಬ ಜೊತೆಗಾರನೊಂದಿಗೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಈ ನಡುವೆ ನನ್ನ ಕೈ ಚುರುಕಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಯಾವುದರ ನಂತರ ಯಾವುದನ್ನು ಬಿಚ್ಚಬೇಕು ಎಂಬುದು ಸ್ಥಿರವಾಯಿತು, ಹಾಗಾಗಿ ಹಿಂದಕ್ಕೆ ಹೋಗಿ ತಪ್ಪು ತಿದ್ದುವ ಕೆಲಸ ನಿಂತಿತು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ನಿಮ್ಮ ಗಾಡಿಯ ಬಾಗಿಲು ಯಾವ ಬಗೆಯದು

ನಮ್ಮ ಕಡೆ ಎತ್ತರದ ಗಾಡಿ ಯಾವುದಾದರೂ ಜೀಪೇ. ಆದರೆ ಬಾಗಿಲಿನ ವಿಷಯಕ್ಕೆ ಬಂದಾಗ ಅವುಗಳಲ್ಲಿ ಮೂರು ಬಗೆಗಳಿವೆ. ಹಳೆಯ ಮಹೀಂದ್ರಾ ಜೀಪುಗಳ ಕ್ಯಾನ್ವಾಸ್ ಬಾಗಿಲುಗಳು ಕಬ್ಬಿಣದ ಸರಳಿನ ಚೌಕಟ್ಟಿಗೆ ಬಟ್ಟೆ ಹೊಲಿದು ಮಾಡಿದವು. ಬಾಗಿಲು ತಿರುಗುವ ಕೀಲಿನ (ಹಿಂಜಿನ) ಮೊಳೆಯಿಂದ ಮೇಲಕ್ಕೆತ್ತಿದರೆ ಕೈಗೆ ಬರುತ್ತವೆ, ಒಬ್ಬರೇ ಹೊತ್ತು ಒಯ್ಯಬಹುದು, ಅವುಗಳ ಬಗ್ಗೆ ಇನ್ನು ಹೇಳಬೇಕಾದದ್ದಿಲ್ಲ. ಎರಡನೆಯದು ಜೀಪ್ ರ್‍ಯಾಂಗ್ಲರ್‌ನಂಥ ಗಾಡಿ. ಅದನ್ನು ತಯಾರಿಸಿದವರೇ ಬಾಗಿಲು ಕಳಚಲೆಂದು ವಿನ್ಯಾಸ ಮಾಡಿರುತ್ತಾರೆ: ಮೇಲೊಂದು ಕೆಳಗೊಂದು ಕೀಲು, ಪ್ರತಿ ಕೀಲಿಗೆ ಒಂದು ಸ್ಕ್ರೂ, ಅದನ್ನು ತೆಗೆದ ಮೇಲೆ ಬಾಗಿಲು ನೇರವಾಗಿ ಮೇಲಕ್ಕೆ ಬರುತ್ತದೆ. ಮೂರನೆಯದು ಮಾರುತಿ ಜಿಪ್ಸಿ ಮತ್ತು 2020ರಲ್ಲಿ ಬಂದ ಹೊಸ ಥಾರ್‌ನಂಥ ಗಾಡಿಗಳು, ಇವುಗಳ ಕೀಲುಗಳನ್ನು ಬೋಲ್ಟು ಹಾಕಿ ಬಿಗಿಯಲಾಗಿರುತ್ತದೆ. ಹೊಸ ಥಾರ್‌ನಲ್ಲಿ ಕೀಲು ಹೊರಗೇ ಎದ್ದು ಕಾಣುವುದರಿಂದ ಅದೂ ರ್‍ಯಾಂಗ್ಲರ್‌ನಂತೆಯೇ ಎತ್ತಿದರೆ ಬರುತ್ತದೆಂದು ಭಾವಿಸುವವರಿದ್ದಾರೆ. ನೋಟ ಒಂದೇ ಎಂದ ಮಾತ್ರಕ್ಕೆ ಬಿಚ್ಚುವ ಬಗೆ ಒಂದೇ ಆಗುವುದಿಲ್ಲ.

ಮೂರನೆಯ ಬಗೆಯ ಬಾಗಿಲನ್ನು ಪ್ರತಿ ಭಾನುವಾರ ಬಿಚ್ಚಿ ಹಾಕುವುದು ಒಳ್ಳೆಯ ಅಭ್ಯಾಸವಲ್ಲ. ಕಾರ್ಖಾನೆಯಲ್ಲಿ ಬಾಗಿಲು, ಅದರ ಪಕ್ಕದ ಗಾಡಿಯ ಕಂಬ, ಲಾಕು ಮೂರೂ ಹೊಂದುವಂತೆ ಕೂರಿಸಿರುತ್ತಾರೆ. ಬೋಲ್ಟಿನ ರಂಧ್ರ ಬೋಲ್ಟಿಗಿಂತ ತುಸು ದೊಡ್ಡದಾಗಿರುವುದರಿಂದ, ಪ್ರತಿ ಸಲವೂ ಬಾಗಿಲು ಒಂದೆರಡು ಮಿಲಿಮೀಟರ್ ಆಚೀಚೆ ಕೂರುವ ಸಂಭವವಿದೆ. ಮಳೆಗಾಲದಲ್ಲಿ ನೀರು ಒಳಗೆ ಜಿನುಗತೊಡಗಿದಾಗಲೇ ಅದು ಗೊತ್ತಾಗುವುದು. ವರ್ಷಕ್ಕೆ ಒಂದೆರಡು ಸಲವಾದರೆ ಸರಿ, ಕೆಳಗೆ ಹೇಳುವ ಗುರುತು ಹಾಕುವ ಕೆಲಸವನ್ನು ಮಾತ್ರ ಬಿಡಬಾರದು.

ಹಿಂದಿನ ದಿನದ ಕೆಲಸ

ಬೆಳಿಗ್ಗೆ ಬಂಡೆಯ ಬಳಿ ನಿಂತು ಉಪಕರಣ ಹುಡುಕುವವರ ಕೆಲಸ ಎಂದೂ ಬೇಗ ಮುಗಿಯುವುದಿಲ್ಲ. ಬೇಕಾದ ಸಾಮಾನು ಹೆಚ್ಚೇನಿಲ್ಲ. ರ್‍ಯಾಂಗ್ಲರ್‌ನ ಕೀಲಿಗೆ ಟಿ-50 ಅಳತೆಯ ಟಾರ್ಕ್ಸ್ ಬಿಟ್ಟು (ಸ್ಕ್ರೂ ತಿರುಗಿಸುವ ತುದಿ) ಬೇಕು, ಆರು ಮೊನೆಯ ಇದನ್ನು ಗ್ಯಾರೇಜಿನವರು ಸ್ಟಾರ್ ಬಿಟ್ಟು ಎನ್ನುತ್ತಾರೆ. ಬೋಲ್ಟಿನ ಕೀಲಿಗೆ ಅದರ ಅಳತೆಯ ಸಾಕೆಟ್ಟು, ಒಂದು ರ್‍ಯಾಚೆಟ್ಟು, ಬ್ಯಾಟರಿ ಟರ್ಮಿನಲ್‌ಗೆ ಸ್ಪ್ಯಾನರು, ತುಕ್ಕು ಬಿಡಿಸುವ ಎಣ್ಣೆ, ಸ್ವಲ್ಪ ಗ್ರೀಸು, ಬಿಳಿ ಪೇಂಟ್ ಮಾರ್ಕರು, ಮುಚ್ಚಳವಿರುವ ಎರಡು ಡಬ್ಬಿ, ಇನ್ಸುಲೇಷನ್ ಟೇಪು ಮತ್ತು ಎರಡು ಹಳೆಯ ಕಂಬಳಿ ಇದ್ದರೆ ಸಾಕು. ಎಡಬಾಗಿಲಿನ ಬೋಲ್ಟು ಒಂದು ಡಬ್ಬಿಗೆ, ಬಲಬಾಗಿಲಿನದು ಇನ್ನೊಂದಕ್ಕೆ. ಬೋಲ್ಟನ್ನು ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟರೆ ಅದರಲ್ಲೊಂದು ಎಂಜಿನ್ನಿನ ಕೆಳಗೆ ಸೇರುವುದು ಖಂಡಿತ.

ಸಂಜೆಯೇ ಕೀಲಿನ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಹೊಸ ಗಾಡಿಯಲ್ಲಿ ತುಕ್ಕು ಇರದಿದ್ದರೂ ಸ್ಕ್ರೂವಿನ ತಲೆಯ ಮೇಲೆ ಬಣ್ಣ ಕೂತಿರುತ್ತದೆ; ಬಿಟ್ಟು ಪೂರ್ತಿ ಒಳಗಿಳಿಯದೆ ತುದಿಯಲ್ಲಷ್ಟೇ ಹಿಡಿದು ತಿರುಗಿ ಮೊನೆಗಳನ್ನು ಸವೆಸಿಬಿಡುತ್ತದೆ. ಒಮ್ಮೆ ಮೊನೆ ಸವೆದರೆ ಮುಂದಿನದು ಟಿಂಕರಿಂಗ್ ಅಂಗಡಿಯ ಕೆಲಸ. ಆದ್ದರಿಂದ ಮೊನೆಯಾದ ಸೂಜಿಯಿಂದ ಬಣ್ಣ ಕೆರೆದು, ಬಿಟ್ಟನ್ನು ನೇರವಾಗಿ ಇಟ್ಟು, ಸುತ್ತಿಗೆಯಿಂದ ಒಂದೆರಡು ಸಲ ಹಗುರವಾಗಿ ತಟ್ಟಿ ಪೂರ್ತಿ ಕೂತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ತಿರುಗಿಸಬೇಕು. ಪಂಕ್ಚರ್ ಅಂಗಡಿಯವರು ಚಕ್ರದ ನಟ್ಟಿಗೆ ಹಿಡಿಯುವ ಗಾಳಿ ಗನ್ನನ್ನು ಈ ಕೆಲಸಕ್ಕೆ ತರಬೇಡಿ. ಮೊದಲ ಸಡಿಲಿಕೆಯನ್ನು ಕೈಯಲ್ಲಿ ಮಾಡಿದರೆ ಬೋಲ್ಟು ಬರುತ್ತಿದೆಯೋ ಮುರಿಯುತ್ತಿದೆಯೋ ಎಂಬುದು ಕೈಗೆ ತಿಳಿಯುತ್ತದೆ.

ಎಲ್ಲಿ ಬಿಚ್ಚುತ್ತೀರಿ ಎಂಬುದನ್ನೂ ಹಿಂದಿನ ದಿನವೇ ನಿರ್ಧರಿಸಿ. ಮನೆಯಲ್ಲಿ ಬಿಚ್ಚಿ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವುದನ್ನು ನಾನು ಮಾಡುವುದಿಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೇ ಸಂಖ್ಯೆಯ ಹೆದ್ದಾರಿ ನಮ್ಮ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ಹಾದು ಹೋಗುತ್ತದೆ, ಅಲ್ಲಿ ಲಾರಿಗಳ ಪಕ್ಕದಲ್ಲಿ ಬಾಗಿಲಿಲ್ಲದೆ ಹೋಗುವಾಗ ಪಕ್ಕದಿಂದ ಬಂದು ಬಡಿಯುವ ಯಾವುದಕ್ಕೂ ನಿಮಗೂ ನಡುವೆ ಏನೂ ಇರುವುದಿಲ್ಲ. ಬಾಗಿಲಿನೊಳಗೆ ಪಕ್ಕದ ಹೊಡೆತ ತಡೆಯಲೆಂದು ಇಟ್ಟಿರುವ ಉಕ್ಕಿನ ಅಡ್ಡಪಟ್ಟಿಯೂ ಬಾಗಿಲಿನ ಜೊತೆ ಮನೆಯಲ್ಲೇ ಉಳಿದಿರುತ್ತದೆ. ರ್‍ಯಾಂಗ್ಲರ್‌ನಲ್ಲಿ ಪಕ್ಕದ ಕನ್ನಡಿಗಳೂ ಬಾಗಿಲಿಗೇ ಅಂಟಿರುವುದರಿಂದ ಬಾಗಿಲು ಹೋದರೆ ಕನ್ನಡಿಯೂ ಹೋಯಿತು. ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ; ಬಿಚ್ಚಿ ಮತ್ತೆ ಹಾಕುವ ಬಾಗಿಲು ಮಾರ್ಪಾಡೇ ಅಲ್ಲವೇ ಎಂದು ವಾದಿಸಬಹುದಾದರೂ, ಟೋಲಿನ ಬಳಿ ಬಿಸಿಲಿನಲ್ಲಿ ನಿಂತು ಆ ವಾದ ಮಂಡಿಸುವುದರಲ್ಲಿ ಸುಖವಿಲ್ಲ. ನಾನು ಪರಿಚಯದ ರೈತರೊಬ್ಬರ ಬೀಳುಹೊಲದವರೆಗೆ ಬಾಗಿಲಿನೊಂದಿಗೇ ಹೋಗುತ್ತೇನೆ, ಅಲ್ಲಿ ಬಿಚ್ಚುತ್ತೇನೆ, ಸಂಜೆ ಹೊರಡುವ ಮುನ್ನ ಅಲ್ಲಿಯೇ ಹಾಕುತ್ತೇನೆ.

ಬಿಚ್ಚುವುದು

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಗೇರಿನಲ್ಲಿ ಬಿಡಬೇಕು. ಇಳಿಜಾರಿನಲ್ಲಿ ನಿಂತ ಗಾಡಿಯ ಬಾಗಿಲು ತನ್ನ ತೂಕಕ್ಕೆ ತಾನೇ ತೂಗಿ ಕೀಲಿನ ಮೊಳೆಯನ್ನು ಓರೆಯಾಗಿ ಒತ್ತುತ್ತದೆ, ಆಗ ಇಬ್ಬರು ಎತ್ತಿದರೂ ಬರುವುದಿಲ್ಲ. ಗಾಳಿ ಬೀಸುವ ದಿನವಾದರೆ ಗಾಡಿಯ ಮುಖ ಗಾಳಿ ಬರುವ ಕಡೆಗೇ ಇರುವಂತೆ ನಿಲ್ಲಿಸಿ. ಹಿಂದಿನಿಂದ ಬೀಸಿದ ಆಷಾಢದ ಗಾಳಿಗೆ ಅರ್ಧ ಬಿಚ್ಚಿದ ಬಾಗಿಲು ಅತಿಯಾಗಿ ತೆರೆದು, ಚಕ್ರದ ಮೇಲಿನ ಮುಂದಿನ ಫೆಂಡರಿಗೆ ಬಡಿದು ತಗ್ಗು ಬೀಳಿಸಿದ್ದನ್ನು ನಾನು ನೋಡಿದ್ದೇನೆ.

ಮೊದಲ ಕೆಲಸ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸುವುದು. ಇದನ್ನು ಮರೆತು ಬ್ಯಾಟರಿ ಬಿಚ್ಚಿದವರು ಮತ್ತೆ ಬ್ಯಾಟರಿ ಜೋಡಿಸಿ, ಗಾಜು ಇಳಿಸಿ, ಮತ್ತೆ ಬಿಚ್ಚಬೇಕಾಗುತ್ತದೆ. ಗಾಜು ಬಾಗಿಲಿನ ಹೊಟ್ಟೆಯೊಳಗೆ ಇದ್ದರೆ ಒಡೆಯುವ ಭಯ ಕಡಿಮೆ, ಜೊತೆಗೆ ಖಾಲಿಯಾದ ಕಿಟಕಿಯ ಚೌಕಟ್ಟು ಹಿಡಿದೆತ್ತಲು ಒಳ್ಳೆಯ ಹಿಡಿ. ಆಮೇಲೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಾಗಿಲಿನ ಒಳಜೇಬಿನಲ್ಲಿರುವ ನೀರಿನ ಬಾಟಲಿ, ಕಾಗದಪತ್ರ, ಚಿಲ್ಲರೆ ಎಲ್ಲವನ್ನೂ ಖಾಲಿ ಮಾಡಿ.

ಎರಡನೆಯದಾಗಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ ಬದಿಗೆ ಸರಿಸಿ, ಒಂದೆರಡು ನಿಮಿಷ ಬಿಡಬೇಕು. ಬಾಗಿಲಿನೊಳಗೆ ಕಿಟಕಿಯ ಮೋಟಾರು, ಲಾಕು, ಸ್ಪೀಕರು, ಕೆಲವು ಗಾಡಿಗಳಲ್ಲಿ ಕನ್ನಡಿಯ ಮೋಟಾರು ಇರುತ್ತವೆ. ವಿದ್ಯುತ್ ಹರಿಯುತ್ತಿರುವಾಗಲೇ ಕಪ್ಲರ್ ಎಳೆದರೆ ಫ್ಯೂಸು ಹೋಗಬಹುದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೂ ಹತ್ತಬಹುದು.

ಮೂರನೆಯದು ಆ ಕಪ್ಲರು. ಬಾಗಿಲಿನಿಂದ ಗಾಡಿಯ ದೇಹದೊಳಗೆ ಹೋಗುವ ವೈರುಗಳ ಕಟ್ಟನ್ನು ಅನುಸರಿಸಿ ಹೋದರೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗದ ಪಕ್ಕದಲ್ಲಿ ಅದು ಸಿಗುತ್ತದೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳವಿರುತ್ತದೆ. ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟದೆ, ಅದರ ಕೊಂಡಿ ಯಾವ ಕಡೆಗೆ ಜಾರುತ್ತದೆಂದು ನೋಡಿ ಕೈಯಿಂದಲೇ ಜಾರಿಸಬೇಕು. ಕಪ್ಲರಿನಲ್ಲಿ ಮೊದಲು ಬಿಡಿಸಬೇಕಾದ ಒಂದು ಬೀಗ, ಅದರ ನಂತರ ಒತ್ತಬೇಕಾದ ಒಂದು ನಾಲಿಗೆ ಇರುತ್ತವೆ. ಎರಡನ್ನೂ ಬಿಡಿಸಿದ ಮೇಲೆ ಕಪ್ಲರಿನ ಪ್ಲಾಸ್ಟಿಕ್ ಮೈಯನ್ನು ಹಿಡಿದು ಎಳೆಯಿರಿ, ವೈರನ್ನು ಹಿಡಿದು ಎಂದಿಗೂ ಎಳೆಯಬೇಡಿ. ಬಿಚ್ಚಿದ ಎರಡೂ ಬಾಯಿಗಳಿಗೆ ಸಣ್ಣ ಪ್ಲಾಸ್ಟಿಕ್ ಕವರು ಹಾಕಿ ಟೇಪು ಸುತ್ತಿ. ಈ ಒಂದು ನಿಮಿಷದ ಕೆಲಸವನ್ನು ಅನೇಕರು ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ಕೆಂಪು ಧೂಳು ಹಿಟ್ಟಿನಷ್ಟು ನುಣ್ಣಗಿದ್ದು, ಬಾಗಿಲಿಲ್ಲದ ಗಾಡಿಯೊಳಗೆ ಸಂಜೆಯ ಹೊತ್ತಿಗೆ ಒಂದು ಪದರವಾಗಿ ಕೂತಿರುತ್ತದೆ, ಅದು ಕಪ್ಲರಿನ ಪಿನ್ನುಗಳ ನಡುವೆ ಸೇರಿದರೆ ಕಿಟಕಿ ಒಮ್ಮೆ ಏರುತ್ತದೆ, ಒಮ್ಮೆ ಏರುವುದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೋಲಾರದ ಹಲವು ಕೆರೆಗಳ ಅಂಗಳ ಮೊದಲಿನಂತೆ ಒಣಗಿರುವುದಿಲ್ಲ. ಅಂಥ ನೆಲದಲ್ಲಿ ಚಕ್ರ ಎರಚುವ ಕೆಸರು ನೇರವಾಗಿ ಬಂದು ಬೀಳುವುದು ಈ ಕಪ್ಲರಿನ ಮೇಲೆಯೇ.

ನಾಲ್ಕನೆಯದು, ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ನಡುವಿನ ಪಟ್ಟಿ. ಕೆಲವು ಗಾಡಿಗಳಲ್ಲಿ ಅದು ಕೊಕ್ಕೆಗೆ ಸಿಕ್ಕಿಸಿದ ಬಟ್ಟೆಯ ಪಟ್ಟಿ, ಕೆಲವದರಲ್ಲಿ ಸ್ಕ್ರೂ ಹಾಕಿದ ಉಕ್ಕಿನ ತುಂಡು. ನಾನು ಮೊದಲ ಸಲ ಮರೆತದ್ದು ಇದನ್ನೇ. ಕೀಲಿನ ಸ್ಕ್ರೂ ಎರಡೂ ತೆಗೆದು ಸ್ನೇಹಿತನೊಂದಿಗೆ ಬಾಗಿಲನ್ನು ಎತ್ತಿದಾಗ ಅದು ಮೇಲಕ್ಕೆ ಬಂದು, ಪಟ್ಟಿಗೆ ಸಿಕ್ಕಿ ಒಳಕ್ಕೆ ತಿರುಗಿತು. ಸ್ನೇಹಿತನ ಕೈ ಜಾರಿತು, ಬಾಗಿಲು ವೈರಿನ ಮೇಲೆ ನೇತಾಡಿ ಕಪ್ಲರ್ ಕಿತ್ತು ಬಂತು. ಅವನ ಬೆರಳು ಉಳಿದದ್ದು ಅದೃಷ್ಟ. ಈ ಪಟ್ಟಿಯನ್ನು ತೆಗೆದ ಕ್ಷಣದಿಂದ ಬಾಗಿಲನ್ನು ಒಬ್ಬರು ಹಿಡಿದುಕೊಂಡೇ ಇರಬೇಕು, ಏಕೆಂದರೆ ಅದು ಹಿಂದಕ್ಕೆ ಹೋಗಿ ದೇಹಕ್ಕೆ ಬಡಿಯುವುದನ್ನು ತಡೆಯುವುದು ಇನ್ನು ಆ ಕೈ ಮಾತ್ರ.

ಇನ್ನು ಕೀಲು. ರ್‍ಯಾಂಗ್ಲರ್ ಬಗೆಯದಾದರೆ ಎರಡೂ ಸ್ಕ್ರೂಗಳನ್ನು ಮೊದಲು ಅರ್ಧ ಸುತ್ತು ಸಡಿಲಿಸಿ ನೋಡಿ, ಎರಡೂ ಬರುತ್ತವೆಂದು ಖಾತ್ರಿಯಾದ ಮೇಲೆ ಪೂರ್ತಿ ತೆಗೆದು ಡಬ್ಬಿಗೆ ಹಾಕಿ. ಬೋಲ್ಟಿನ ಬಗೆಯದಾದರೆ ಸ್ಪ್ಯಾನರು ಮುಟ್ಟಿಸುವ ಮುನ್ನ ಪೇಂಟ್ ಮಾರ್ಕರಿನಿಂದ ಕೀಲಿನ ಅಂಚಿನ ಸುತ್ತಲೂ ಗೆರೆ ಎಳೆಯಬೇಕು, ಪ್ರತಿ ಬೋಲ್ಟಿನ ತಲೆಯ ಸುತ್ತಲೂ ಹಾಗೆಯೇ. ಮತ್ತೆ ಕೂರಿಸುವಾಗ ಆ ಗೆರೆಯೊಳಗೇ ಕೀಲು ಕೂತರೆ ಬಾಗಿಲು ಮೊದಲಿದ್ದಲ್ಲಿಗೇ ಬರುತ್ತದೆ. ಕೀಲಿನ ಒಂದೇ ಬದಿಯ ಬೋಲ್ಟುಗಳನ್ನು ತೆಗೆಯಿರಿ, ಎರಡೂ ಬದಿ ಮುಟ್ಟಿದರೆ ಹೊಂದಿಸುವ ಕೆಲಸ ಎರಡು ಪಟ್ಟಾಗುತ್ತದೆ. ಈ ಬಗೆಯ ಬಾಗಿಲಿಗೆ ಕೆಳಗಿನಿಂದ ಆಸರೆ ಬೇಕೇಬೇಕು: ಜಾಕಿನ ಮೇಲೆ ಮರದ ತುಂಡು, ಅದರ ಮೇಲೆ ಮಡಿಸಿದ ಗೋಣಿಚೀಲ ಇಟ್ಟು, ಬಾಗಿಲಿನ ಅಡಿಗೆ ತಾಗುವವರೆಗೆ ಮಾತ್ರ ಏರಿಸಿ. ಹೆಚ್ಚು ಏರಿಸಿದರೆ ಬೋಲ್ಟಿನ ಮೇಲೆ ಒತ್ತಡ ಬಿದ್ದು ಅದು ಹೊರಬರುವುದಿಲ್ಲ. ಕೆಳಗಿನ ಕೀಲಿನ ಬೋಲ್ಟುಗಳನ್ನು ಮೊದಲು ತೆಗೆದು, ಮೇಲಿನದನ್ನು ಕೊನೆಗೆ ಇಟ್ಟುಕೊಳ್ಳಿ, ಆಗ ಬಾಗಿಲು ಕೊನೆಯ ಕ್ಷಣದವರೆಗೂ ನೇರವಾಗಿ ತೂಗುತ್ತಿರುತ್ತದೆ.

ಎತ್ತುವುದು ಇಬ್ಬರ ಕೆಲಸ. ಮೋಟಾರು, ಗಾಜು ಎಲ್ಲ ಸೇರಿ ಉಕ್ಕಿನ ಬಾಗಿಲು ಅರ್ಧ ಸಿಮೆಂಟ್ ಮೂಟೆಯಷ್ಟು ತೂಗುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಮೂಟೆಯನ್ನು ಒಬ್ಬರೇ ಹೊರಬಹುದಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಹೊರಬಹುದು, ಆದರೆ ಮೂಟೆಯನ್ನು ತಬ್ಬಿ ಹಿಡಿಯಬಹುದು, ಬಾಗಿಲನ್ನು ತಬ್ಬಲಾಗುವುದಿಲ್ಲ, ಅದರ ತೂಕ ಕೀಲಿನ ಕಡೆಗೆ ಎಳೆಯುತ್ತಿರುತ್ತದೆ. ಒಬ್ಬರು ಕೀಲಿನ ಬದಿಯಲ್ಲಿ ನಿಂತು ಒಂದು ಕೈ ಅಡಿಗೆ, ಒಂದು ಕೈ ಕಿಟಕಿಯ ಚೌಕಟ್ಟಿಗೆ ಕೊಡಬೇಕು, ಇನ್ನೊಬ್ಬರು ಲಾಕಿನ ಬದಿಯಲ್ಲಿ ಹಾಗೆಯೇ ಹಿಡಿಯಬೇಕು. ಕನ್ನಡಿಯನ್ನು ಹಿಡಿಯಬೇಡಿ, ಒಳಗಿನ ಪ್ಲಾಸ್ಟಿಕ್ ಹಿಡಿಯನ್ನೂ ಹಿಡಿಯಬೇಡಿ, ಎರಡೂ ಕೈಗೆ ಬರುವ ವಸ್ತುಗಳೇ. ಬೆರಳು ಕೀಲಿನ ಎರಡು ಹೋಳುಗಳ ನಡುವೆ ಇರಬಾರದು. ಕಾಲಿಗೆ ಹವಾಯಿ ಚಪ್ಪಲಿ ಬೇಡ. ಮಾತಾಡುವವರು ಒಬ್ಬರೇ ಇರಲಿ: ಕೀಲಿನ ಬದಿಯವರು ‘ಎತ್ತು’ ಎಂದಾಗ ಇಬ್ಬರೂ ಒಟ್ಟಿಗೆ, ವಾಲಿಸದೆ, ನೇರವಾಗಿ ಮೇಲಕ್ಕೆ ಎತ್ತಬೇಕು. ಸಿಕ್ಕಿಕೊಂಡರೆ ಬಡಿಯದೆ ಕೆಳಗಿಳಿಸಿ, ಬಾಗಿಲನ್ನು ತುಸು ತೆರೆದು ಅಥವಾ ಮುಚ್ಚಿ ಕೋನ ಬದಲಿಸಿ ಮತ್ತೆ ಪ್ರಯತ್ನಿಸಿ. ಕಂಬ ದಾಟಿ ಪೂರ್ತಿ ಹೊರಗೆ ಬರುವವರೆಗೆ ಯಾರೂ ತಿರುಗಬಾರದು.

ಬಿಚ್ಚಿದ ಬಾಗಿಲನ್ನು ಇಡುವುದು

ಬಾಗಿಲು ಹಾಳಾಗುವುದು ಹೆಚ್ಚಾಗಿ ನೆಲದ ಮೇಲೆ. ನೆಲಕ್ಕೆ ಕಂಬಳಿ ಹಾಸಿ, ಬಾಗಿಲನ್ನು ಅದರ ಕೆಳಅಂಚಿನ ಮೇಲೆ ನಿಲ್ಲಿಸಿ, ಗೋಡೆಗೆ ಸ್ವಲ್ಪವೇ ಓರೆಯಾಗಿ ಒರಗಿಸಬೇಕು. ಎರಡು ಬಾಗಿಲುಗಳ ನಡುವೆ ಇನ್ನೊಂದು ಕಂಬಳಿ, ಹೊರಗಿನಿಂದ ಒಂದು ಹಗ್ಗ. ಒಂದರ ಮೇಲೊಂದು ಮಲಗಿಸಿದರೆ ಕೀಲು ಇನ್ನೊಂದರ ಬಣ್ಣಕ್ಕೆ ಗೀರು ಹಾಕುತ್ತದೆ. ಬಾಗಿಲಿನ ಲಾಕಿನ ಬಾಯಿ ತೆರೆದ ಸ್ಥಿತಿಯಲ್ಲೇ ಇರಲಿ. ಮಕ್ಕಳು ಆಟಕ್ಕೆ ಅದನ್ನು ಬೆರಳಿನಿಂದ ಮುಚ್ಚಿಬಿಟ್ಟರೆ ಸಂಜೆ ಬಾಗಿಲು ಮುಚ್ಚುವುದಿಲ್ಲ, ಆಗ ಗಾಬರಿಯಾಗದೆ ಹಿಡಿಯನ್ನು ಎಳೆದು ಮತ್ತೆ ತೆರೆಯಿರಿ.

ಶಿಡ್ಲಘಟ್ಟದ ಕಡೆ ಒಮ್ಮೆ ಪರಿಚಯದವರು ಬೆಳೆ ಮುಗಿದು ಖಾಲಿಯಿದ್ದ ರೇಷ್ಮೆ ಹುಳುಮನೆಯಲ್ಲಿ ಬಾಗಿಲು ಇಟ್ಟುಕೊಳ್ಳಿ ಎಂದು ಪ್ರೀತಿಯಿಂದ ಹೇಳಿದರು. ತಂಪು, ಬೀಗ, ಸಿಮೆಂಟ್ ನೆಲ, ಎಲ್ಲವೂ ಇತ್ತು. ಆದರೆ ಮುಂದಿನ ಬೆಳೆಗೆ ಮುನ್ನ ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಿಂದ ತೊಳೆಯುತ್ತಾರೆ, ಅದರ ಗಾಳಿ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ನಮ್ಮ ಗ್ರೀಸು, ಡೀಸೆಲ್ಲಿನ ವಾಸನೆ ಅವರ ಹುಳುವಿಗೂ ಒಳ್ಳೆಯದಲ್ಲ. ಇಬ್ಬರಿಗೂ ನಷ್ಟವಾಗುವ ಆ ಉಪಕಾರವನ್ನು ಬೇಡವೆಂದೆ. ಹೊಲದ ಶೆಡ್ಡಾದರೆ ಇಲಿಯ ಕಾಟವುಂಟು. ರಾತ್ರಿ ಇಡಬೇಕಾದರೆ ನೇತಾಡುವ ವೈರನ್ನು ಬಾಗಿಲಿನೊಳಗೆ ಮಡಿಸಿ ಟೇಪು ಹಾಕಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ಅದು ತುಂಡಾಗಿರುತ್ತದೆ.

ಬಾಗಿಲಿಲ್ಲದೆ ಓಡಿಸುವಾಗ

ಬ್ಯಾಟರಿ ಜೋಡಿಸಿದ ಮೇಲೆ ಒಳದೀಪ ಉರಿಯುತ್ತಲೇ ಇದ್ದರೆ ಅದರ ಸ್ವಿಚ್ಚನ್ನು ಆರಿಸಿಡಿ. ಬಾಗಿಲು ತೆರೆದಿದೆ ಎಂದೇ ಗಾಡಿ ತಿಳಿದಿರುತ್ತದೆ, ನಾಲ್ಕು ಗಂಟೆ ಬಂಡೆಯ ಮೇಲೆ ನಿಂತರೆ ಬ್ಯಾಟರಿ ಇಳಿಯುತ್ತದೆ. ಸೀಟ್ ಬೆಲ್ಟು ಎಲ್ಲರಿಗೂ, ಎಷ್ಟೇ ನಿಧಾನವಾಗಿ ಹೋದರೂ. ರಸ್ತೆಯಲ್ಲಿ ಬೆಲ್ಟು ಹಾಕದಿದ್ದರೆ 1000 ರೂಪಾಯಿ ದಂಡ, ಬಂಡೆಯ ಮೇಲೆ ಗಾಡಿ ವಾಲಿದಾಗ ಬೆಲ್ಟಿಲ್ಲದವರು ಬಾಗಿಲಿದ್ದ ಜಾಗದಿಂದ ಹೊರಗೆ ಬೀಳುತ್ತಾರೆ, ಅವರ ಮೇಲೆ ಗಾಡಿ. ವಾಲುತ್ತಿದೆ ಎನಿಸಿದಾಗ ಕಾಲನ್ನು ಹೊರಗಿಟ್ಟು ತಡೆಯಲು ಹೋಗುವುದು ಸಹಜವಾದ ಪ್ರತಿಕ್ರಿಯೆ, ಕಾಲು ಕಳೆದುಕೊಳ್ಳುವ ದಾರಿಯೂ ಅದೇ. ಚಿಕ್ಕ ಮಕ್ಕಳನ್ನು ಬಾಗಿಲಿಲ್ಲದ ಗಾಡಿಯಲ್ಲಿ ಕೂರಿಸಬೇಡಿ.

ನಮ್ಮ ಬಯಲಿನ ಇನ್ನೊಂದು ಅಪಾಯವನ್ನು ಬೇರೆ ಊರಿನವರು ಎಣಿಸುವುದಿಲ್ಲ: ಬಳ್ಳಾರಿ ಜಾಲಿ. ಕೆರೆಯಂಗಳ, ಕಾಲುವೆಯ ಬದಿ, ಬೀಳುಹೊಲ ಎಲ್ಲೆಲ್ಲೂ ಬೆಳೆದಿರುವ ಈ ಮುಳ್ಳಿನ ಕೊಂಬೆ ಬಾಗಿಲಿದ್ದರೆ ಬಣ್ಣ ಗೀರುತ್ತದೆ, ಬಾಗಿಲಿಲ್ಲದಿದ್ದರೆ ನೇರ ತೋಳಿಗೆ, ಕಣ್ಣಿಗೆ ಬರುತ್ತದೆ. ದಾರಿ ಇಕ್ಕಟ್ಟಾಗಿದ್ದು ಎರಡೂ ಬದಿಗೆ ಜಾಲಿಯಿದ್ದರೆ ಅಂದು ಬಾಗಿಲು ಬಿಚ್ಚದಿರುವುದೇ ಸರಿ, ಬಿಚ್ಚಿದ್ದರೆ ತುಂಬುತೋಳಿನ ಅಂಗಿ ಮತ್ತು ಕನ್ನಡಕ ಇರಲಿ. ದೇವರಾಯನದುರ್ಗದ ಕಾಡಿಗಾಗಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗಗಳ ಹುಲ್ಲುಗಾವಲಿಗಾಗಲಿ ಗಾಡಿ ಇಳಿಸುವ ಯೋಚನೆ ಬೇಡ. ಅವು ಅರಣ್ಯ ಇಲಾಖೆಯ ನೆಲಗಳು.

ಮತ್ತೆ ಹಾಕುವುದು

ಸಂಜೆ ಎಲ್ಲರಿಗೂ ದಣಿವು, ಮನೆಗೆ ಹೋಗುವ ಅವಸರ. ತಪ್ಪುಗಳಾಗುವುದು ಈಗಲೇ, ಹಾಗಾಗಿ ಮೊದಲು ಚಹಾ ಕುಡಿಯಿರಿ. ಕೀಲಿನ ಮೊಳೆ ಮತ್ತು ಅದು ಕೂರುವ ತೂತಿನ ಧೂಳನ್ನು ಬಟ್ಟೆಯಿಂದ ಒರೆಸಿ, ಬೆರಳ ತುದಿಯಷ್ಟು ಗ್ರೀಸು ಸವರಿ. ಹೆಚ್ಚು ಹಾಕಿದರೆ ಅದು ಧೂಳನ್ನು ಹಿಡಿದು ಮಸಿಯಂತಾಗುತ್ತದೆ. ಬೋಲ್ಟಿನ ಬಾಗಿಲಾದರೆ ಮೇಲಿನ ಕೀಲನ್ನು ಮೊದಲು ಹಿಡಿಸಿ, ಬೋಲ್ಟುಗಳನ್ನು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಿ ಥ್ರೆಡ್ಡು ಸರಿಯಾಗಿ ಕೂತಿದೆಯೆಂದು ನೋಡಿ, ಮಾರ್ಕರಿನ ಗೆರೆಗೆ ಹೊಂದಿಸಿದ ಮೇಲೆ ಬಿಗಿಯಬೇಕು. ರ್‍ಯಾಂಗ್ಲರ್‌ನ ಕೀಲಿನ ಸ್ಕ್ರೂಗೆ ಬಲ ಬೇಕಾಗಿಲ್ಲ: ಬಾಗಿಲನ್ನು ಹೊರುವುದು ಮೊಳೆ, ಸ್ಕ್ರೂ ಅದು ಮೇಲಕ್ಕೆ ಬಾರದಂತೆ ತಡೆಯುತ್ತದೆ ಅಷ್ಟೇ, ಅತಿಯಾಗಿ ಬಿಗಿದರೆ ಮುರಿಯುತ್ತದೆ. ಎಷ್ಟು ಬಿಗಿಯಬೇಕೆಂಬ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ.

ಆಮೇಲೆ ತಡೆಪಟ್ಟಿ, ಕಪ್ಲರು, ಬ್ಯಾಟರಿ, ಇದೇ ಕ್ರಮದಲ್ಲಿ. ಕಪ್ಲರು ಕೂತಾಗ ‘ಟಕ್’ ಎಂಬ ಸದ್ದು ಕೇಳಬೇಕು, ಅದರ ಬೀಗವನ್ನೂ ಮರಳಿ ಹಾಕಬೇಕು. ಬಾಗಿಲನ್ನು ಬಡಿಯದೆ ನಿಧಾನವಾಗಿ ಮುಚ್ಚಿ ನೋಡಿ. ಲಾಕಿನ ಬಾಯಿ ಕಂಬದ ಕೊಂಡಿಗೆ ಮೇಲೆ ಅಥವಾ ಕೆಳಗೆ ತಾಗುತ್ತಿದ್ದರೆ ಕೀಲಿನ ಬೋಲ್ಟನ್ನು ತುಸು ಸಡಿಲಿಸಿ ಸರಿಪಡಿಸಬೇಕು, ಕೊಂಡಿಯನ್ನು ಬಗ್ಗಿಸುವ ಕೆಲಸಕ್ಕೆ ಹೋಗಬೇಡಿ. ಕಿಟಕಿ ಏರಿಸಿ ಇಳಿಸಿ, ಲಾಕು, ಕನ್ನಡಿ, ಸ್ಪೀಕರು ಎಲ್ಲವನ್ನೂ ಒಂದು ಸಲ ನೋಡಿ. ಕೊನೆಯದಾಗಿ ಪ್ರತಿ ಬೋಲ್ಟಿನ ತಲೆಯಿಂದ ಕೀಲಿನ ಮೇಲಕ್ಕೆ ಬರುವಂತೆ ಮಾರ್ಕರಿನಿಂದ ಒಂದು ಸಣ್ಣ ಅಡ್ಡಗೆರೆ ಎಳೆದು ಹೊರಡಿ. ಮನೆ ತಲುಪಿದಾಗ ಟಾರ್ಚು ಹಿಡಿದು ನೋಡಿದರೆ ಸಾಕು: ಗೆರೆ ಎಲ್ಲಿ ಮುರಿದಿದೆಯೋ ಆ ಬೋಲ್ಟು ದಾರಿಯಲ್ಲಿ ಸಡಿಲವಾಗಿದೆ.